ಹೊಕ್ಕುಳಕ್ಕನ ಹತ್ತಿ

ಹೆಂಗಸರ ಆಪರೇಷನ್ ವಾರ್ಡಿನಲ್ಲಿ ದೊಡ್ಡ ಡಾಕ್ಟರಿಗೆ ಹೆದರದವರು ಇದ್ದರು, ಸೂಜಿಗೆ ಹೆದರದವರೂ ಇದ್ದರು. ದೊಡ್ಡಕ್ಕನ ಹತ್ತಿಗೆ ಹೆದರದವರು ಮಾತ್ರ ಒಬ್ಬರೂ ಇರಲಿಲ್ಲ. ಒಂದು ಸಣ್ಣ ಕಡ್ಡಿ, ಅದರ ತುದಿಗೆ ಸುತ್ತಿದ ಒಂದಿಷ್ಟು ಬಿಳಿ ಹತ್ತಿ, ಇಷ್ಟೇ ಅವಳ ಆಯುಧ. ಆಪರೇಷನ್ನಿನ ಹಿಂದಿನ ಸಂಜೆ ಒಮ್ಮೆ, ಆ ದಿನ ಬೆಳಿಗ್ಗೆ ಇನ್ನೊಮ್ಮೆ, ಔಷಧದ ಸೋಪು ಹಚ್ಚಿ ರೋಗಿಗಳಿಗೆ ಸ್ನಾನ ಮಾಡಿಸುವುದು, ಮೈ ನಿಜವಾಗಿಯೂ ಸ್ವಚ್ಛವಾಗಿದೆಯೇ ಎಂದು ನೋಡಿ ಹಾಳೆಯಲ್ಲಿ ಟಿಕ್ ಹಾಕುವುದು ಅವಳ ಕೆಲಸ. ಮೂವತ್ತೊಂದು ವರ್ಷದಿಂದ ಅದನ್ನೇ ಮಾಡುತ್ತಿದ್ದಳು.

ಅವಳ ಲೆಕ್ಕದಲ್ಲಿ ಮನುಷ್ಯರ ಮೈಯಲ್ಲಿ ಕೊಳೆ ಅಡಗಿ ಕೂರುವ ಜಾಗಗಳು ಏಳು. ಕಿವಿಯ ಹಿಂದೆ, ಕತ್ತಿನ ಮಡಿಕೆ, ಕಂಕುಳು, ಎದೆಯ ಕೆಳಗಿನ ಮಡಿಕೆ, ಹೊಕ್ಕುಳು, ತೊಡೆಸಂದು, ಕಾಲ್ಬೆರಳ ಸಂದು. ಹಾಳೆಯಲ್ಲೂ ಏಳು ಚೌಕಗಳಿದ್ದವು. ಇವುಗಳಲ್ಲಿ ಆರನ್ನು ಅವಳು ಕಣ್ಣಿನಿಂದಲೇ ನೋಡಿ ತೀರ್ಮಾನಿಸುತ್ತಿದ್ದಳು. ಹೊಕ್ಕುಳಿಗೆ ಮಾತ್ರ ಹತ್ತಿ. ಅದು ಬಾವಿ ಇದ್ದ ಹಾಗೆ, ಇಣುಕಿದರೆ ತಳ ಕಾಣುವುದಿಲ್ಲ ಎಂಬುದು ಅವಳ ವಾದ. ಹತ್ತಿ ಬಿಳಿಯಾಗಿಯೇ ಹೊರಗೆ ಬಂದರೆ ಪಾಸು. ಬಣ್ಣ ಬದಲಾಗಿದ್ದರೆ ಬಕೆಟ್ಟು, ಸೋಪು, ಇನ್ನೊಮ್ಮೆ ಸ್ನಾನ. ಹೀಗಾಗಿ ಎದುರಿಗೆ ಎಲ್ಲರಿಗೂ ದೊಡ್ಡಕ್ಕನಾದವಳು ಬೆನ್ನ ಹಿಂದೆ ಹೊಕ್ಕುಳಕ್ಕನಾಗಿದ್ದಳು. ಅದು ಅವಳಿಗೂ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇರುವುದರಲ್ಲಿ ಒಂದು ಗತ್ತಿದೆ ಎಂದು ಸುಮ್ಮನಿದ್ದಳು.

ಸ್ನಾನ ಮಾಡಿಸುವುದರಲ್ಲಿ ಅವಳ ಕೈ ಚೆನ್ನ. ನೀರಿನ ಬಿಸಿಯನ್ನು ತನ್ನ ಮೊಣಕೈ ಅದ್ದಿ ನೋಡಿಯೇ ಸುರಿಯುವಳು, ಮುದುಕಿಯರ ಬೆನ್ನನ್ನು ಹಸುಗೂಸಿನ ಬೆನ್ನಿನಂತೆ ಉಜ್ಜುವಳು. ಕೆಟ್ಟದ್ದು ಬಾಯಿ. ಅವಳು ಗುಟ್ಟು ಹೇಳಿದರೂ ಎದುರಿನ ಔಷಧ ಅಂಗಡಿಯವನಿಗೆ ಕೇಳಿಸುತ್ತಿತ್ತು. ಬಚ್ಚಲಿನಿಂದ ರೋಗಿಯನ್ನು ಕರೆತರುವಾಗ ಕಪ್ಪಾದ ಹತ್ತಿಯನ್ನು ಕಡ್ಡಿ ಸಮೇತ ಮೇಲೆತ್ತಿ, ನೋಡ್ರಮ್ಮ, ಮನೇಲಿ ಸ್ನಾನ ಮಾಡಿ ಬಂದಿದ್ದಾರಂತೆ, ಎಂದು ಹನ್ನೆರಡು ಮಂಚಗಳಿಗೂ ತೋರಿಸುವುದು ಅವಳ ಪದ್ಧತಿ. ಒಬ್ಬರದ್ದು ತೋರಿಸಿದರೆ ಹನ್ನೊಂದು ಜನ ತಾವಾಗಿಯೇ ಉಜ್ಜಿಕೊಳ್ಳುತ್ತಾರೆ ಎನ್ನುತ್ತಿದ್ದಳು. ಅದು ನಿಜವೂ ಆಗಿತ್ತು. ಆದರೆ ಆ ಒಬ್ಬರು ಮುಖ ಎಲ್ಲಿ ಇಟ್ಟುಕೊಳ್ಳಬೇಕು ಎಂಬುದನ್ನು ಅವಳು ಎಂದೂ ಯೋಚಿಸಿರಲಿಲ್ಲ.

ಅವಳು ಹೀಗಾಗಲು ಒಂದು ಕಾರಣವಿತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ, ಅವಳಿಗೆ ಚಿಕ್ಕಂದಿನಲ್ಲಿ ಅಕ್ಷರ ಕಲಿಸಿದ ಟೀಚರೇ ಆಪರೇಷನ್ನಿಗೆ ಬಂದು ಸೇರಿದ್ದರು. ನಾನು ಮನೆಯಲ್ಲೇ ಸ್ನಾನ ಮಾಡಿ ಬಂದಿದ್ದೇನೆ ಮಗು ಎಂದರು. ಟೀಚರಿಗೆ ಬಟ್ಟೆ ಬಿಚ್ಚಿ ಎನ್ನಲು ಇವಳಿಗೆ ನಾಲಗೆ ಏಳಲಿಲ್ಲ. ನೋಡದೆಯೇ ಏಳು ಚೌಕಕ್ಕೂ ಟಿಕ್ ಹಾಕಿದಳು. ಐದನೆಯ ದಿನ ಗಾಯದಲ್ಲಿ ಕೀವು ತುಂಬಿತು. ಟೀಚರು ಇಪ್ಪತ್ತೆರಡು ದಿನ ಅದೇ ಮಂಚದ ಮೇಲೆ ನರಳಿದರು. ಕೊಳೆಯಿಂದಲೇ ಹಾಗಾಯಿತು ಎಂದು ಯಾರೂ ಹೇಳಲಿಲ್ಲ, ಅದಲ್ಲ ಎಂದೂ ಯಾರೂ ಹೇಳಲಿಲ್ಲ. ಆ ಇಪ್ಪತ್ತೆರಡು ದಿನವೂ ದೊಡ್ಡಕ್ಕನಿಗೆ ಊಟ ಸೇರಲಿಲ್ಲ. ಅಂದಿನಿಂದ ಅವಳು ಮರ್ಯಾದೆ ದಾಕ್ಷಿಣ್ಯಗಳನ್ನು ಬಚ್ಚಲಿನ ಹೊಸ್ತಿಲಾಚೆಯೇ ಬಿಟ್ಟು ಒಳಗೆ ಹೋಗುತ್ತಿದ್ದಳು. ಆಮೇಲಿನ ಮೂವತ್ತು ವರ್ಷಗಳಲ್ಲಿ, ಮೈ ಸ್ವಚ್ಛವಿಲ್ಲವೆಂದು ಅವಳ ವಾರ್ಡಿನ ಒಬ್ಬ ರೋಗಿಯನ್ನೂ ಆಪರೇಷನ್ ಥಿಯೇಟರಿನ ಬಾಗಿಲಿನಿಂದ ವಾಪಸು ಕಳಿಸಿರಲಿಲ್ಲ. ಇನ್ನಾರು ತಿಂಗಳಿಗೆ ನಿವೃತ್ತಿ. ಮನೆಗೆ ಹೋಗುವಾಗ ಜೊತೆಗೆ ಒಯ್ಯಲು ಅವಳಿಗೆ ಆ ಒಂದು ಮಾತು ಸಾಕಾಗಿತ್ತು.

ಅಂಥವಳ ಪಿತ್ತಕೋಶದಲ್ಲಿ ಕಲ್ಲು ಬಂತು.

ಎರಡು ಸಲ ನೋವು ಬಂದಾಗ ಹೊಟ್ಟೆಯುಬ್ಬರ ಎಂದು ತಳ್ಳಿಹಾಕಿದಳು. ಮೂರನೆಯ ಸಲ ಬಚ್ಚಲಿನ ಗೋಡೆ ಹಿಡಿದು ಕುಸಿದು ಕೂತಾಗ ದೊಡ್ಡ ಡಾಕ್ಟರು ಬೈದು ದಿನ ಗೊತ್ತು ಮಾಡಿದರು. ಹೊಕ್ಕುಳಿನ ಹತ್ತಿರ ಒಂದು ತೂತು, ಮೇಲೆ ಮೂರು ಸಣ್ಣ ತೂತು, ಅಷ್ಟರಲ್ಲೇ ಮುಗಿಸುತ್ತೇನೆ ಎಂದರು. ಹೊಕ್ಕುಳು ಎಂದ ಕೂಡಲೇ ಪಕ್ಕದಲ್ಲಿದ್ದ ನರ್ಸುಗಳು ತುಟಿ ಕಚ್ಚಿಕೊಂಡರು. ಆಪರೇಷನ್ನಿನ ಮರುದಿನದಿಂದ ಡಾಕ್ಟರಿಗೆ ಐದು ವಾರ ರಜೆ. ಈ ದಿನ ತಪ್ಪಿದರೆ ಆ ನೋವನ್ನು ಅಷ್ಟೂ ದಿನ ಹೊಟ್ಟೆಯಲ್ಲಿ ಇಟ್ಟುಕೊಂಡಿರಬೇಕು.

ಮನೆಯಲ್ಲಿ ಅವಳ ಗಂಡ, ಗೋಡೆಗೆ ಬಣ್ಣ ಹೊಡೆಯುವ ಕೆಲಸದವನು, ಬಟ್ಟೆಯ ಚೀಲ ತುಂಬಿಕೊಡುತ್ತ ಮೆಲ್ಲಗೆ ಒಂದು ಮಾತು ತೆಗೆದ. ಮದುವೆಯಾದಾಗಿನಿಂದ ಅವನ ಸ್ನಾನಕ್ಕೆ ಕಾಗೆ ಸ್ನಾನ ಎಂದು ಹೆಸರಿಟ್ಟು, ಕೆಲಸದಿಂದ ಬಂದೊಡನೆ ಬಾಗಿಲಲ್ಲೇ ನಿಲ್ಲಿಸಿ ಕಿವಿ ಮಡಚಿ ನೋಡುತ್ತ ಬಂದವಳು ಅವಳು.

"ಇಷ್ಟು ವರ್ಷ ನನ್ ಕಿವಿ ಹಿಂದೆ ನೀನು ನೋಡ್ದೆ. ನಿನ್ ಕಿವಿ ಹಿಂದೆ ಯಾರ್ ನೋಡಿದಾರೆ?"

"ನಂದು ನೋಡೋ ಹಾಗೇನಿದೆ?" ಎಂದು ಅವಳು ಚೀಲದ ಬಾಯಿ ಬಿಗಿದಳು.

ವಾರ್ಡಿನಲ್ಲಿ ಅವಳಿಗೆ ಸಿಕ್ಕಿದ್ದು ಐದನೆಯ ಮಂಚ. ಗ್ರಹಚಾರಕ್ಕೆ ನಾಲ್ಕನೆಯದರಲ್ಲಿ ಬಟ್ಟೆ ಹೊಲಿಯುವವಳು ಮಲಗಿದ್ದಳು. ನಾಲ್ಕು ದಿನದ ಹಿಂದೆ ಅವಳ ಹರ್ನಿಯಾ ಆಪರೇಷನ್ನಿಗೆ ಮುಂಚೆ ಹತ್ತಿ ಹಾಕಿದಾಗ ಕೆಂಪು, ಹಸಿರು, ನೀಲಿ ಮೂರೂ ಬಣ್ಣದ ದಾರದ ಎಳೆಗಳು ಹೊರಬಂದಿದ್ದವು. ದೊಡ್ಡಕ್ಕ ಕಡ್ಡಿ ಎತ್ತಿ ಹಿಡಿದು, ಇದರಲ್ಲಿ ಒಂದು ಕರ್ಚೀಫು ನೇಯಬಹುದು ಎಂದಿದ್ದಳು. ವಾರ್ಡು ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಹೊಲಿಯುವವಳು ನಕ್ಕಿರಲಿಲ್ಲ. ಅಂಗಡಿಯಲ್ಲಿ ಊರಿನ ಹೆಂಗಸರ ಅಳತೆಯನ್ನೆಲ್ಲ ಬಲ್ಲವಳು ಅವಳು, ಒಬ್ಬರ ಸುತ್ತಳತೆಯನ್ನು ಇನ್ನೊಬ್ಬರಿಗೆ ಹೇಳಿದವಳಲ್ಲ. ಈಗ ದೊಡ್ಡಕ್ಕ ರೋಗಿಗಳ ಗೌನು ತೊಟ್ಟು ಪಕ್ಕದ ಮಂಚಕ್ಕೆ ಬಂದು ಕೂತದ್ದನ್ನು ಕಂಡಾಗ, ಮಾಡಿದ್ದುಣ್ಣೋ ಮಹಾರಾಯ ಎಂಬ ಮಾತು ಅವಳ ಮುಖದ ಮೇಲೆ ಬರೆದ ಹಾಗಿತ್ತು. ದಿಂಬನ್ನು ಬೆನ್ನಿಗೆ ಒರಗಿಸಿಕೊಂಡು, ಬಚ್ಚಲಿನ ಬಾಗಿಲು ಸರಿಯಾಗಿ ಕಾಣುವಂತೆ ತಿರುಗಿ ಕೂತಳು.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬುದು ಮಧ್ಯಾಹ್ನದಿಂದ ನರ್ಸುಗಳ ಕೋಣೆಯಲ್ಲಿ ನಡೆದ ಚರ್ಚೆ. ಸ್ನಾನದ ಕೆಲಸಕ್ಕೆ ದೊಡ್ಡಕ್ಕನನ್ನು ಬಿಟ್ಟರೆ ಇದ್ದವಳು ಒಬ್ಬಳೇ. ನಲವತ್ತರ ಹತ್ತಿರದ ಹೆಂಗಸು, ಎರಡು ಮಕ್ಕಳ ತಾಯಿ, ದನಿ ಎಷ್ಟು ಸಣ್ಣದೆಂದರೆ ಅವಳಿಗೆ ಪಿಸುಮಾತು ಎಂದೇ ಹೆಸರು ಬಿದ್ದಿತ್ತು. ಈ ದನಿಯಲ್ಲಿ ಹೇಳಿದರೆ ಕೊಳೆಯೂ ಏಳುವುದಿಲ್ಲ ಎಂದು ದೊಡ್ಡಕ್ಕ ಅವಳನ್ನು ನಾಲ್ಕು ವರ್ಷದಿಂದ ಮೂದಲಿಸುತ್ತಿದ್ದಳು.

ಸಂಜೆ ಐದಕ್ಕೆ ಪಿಸುಮಾತು ಬಕೆಟ್ಟು, ಸೋಪಿನ ಬಾಟಲಿ, ಒಗೆದ ಟವೆಲ್ಲು ಹಿಡಿದು ಬಂದು ನೋಡಿದರೆ ಐದನೆಯ ಮಂಚ ಖಾಲಿ. ದೊಡ್ಡಕ್ಕ ಆಗಲೇ ತಾನೇ ಬಚ್ಚಲಿಗೆ ಹೋಗಿ, ಚಿಲಕ ಹಾಕಿಕೊಂಡು, ಸ್ನಾನ ಮುಗಿಸಿ, ಕೂದಲು ಒರೆಸಿಕೊಳ್ಳುತ್ತ ಹೊರಗೆ ಬರುತ್ತಿದ್ದಳು. ಅಷ್ಟೇ ಅಲ್ಲ. ಮಂಚದ ತುದಿಗೆ ಸಿಕ್ಕಿಸಿದ ಹಾಳೆಯಲ್ಲಿ, ಸ್ನಾನಕ್ಕೆ ಹೋಗುವ ಮುಂಚೆಯೇ, ಏಳು ಚೌಕಗಳಿಗೂ ದಪ್ಪನೆಯ ಟಿಕ್ ಬಿದ್ದಿತ್ತು. ಕೆಳಗೆ ರೋಗಿಯ ಸಹಿ ಎಂಬಲ್ಲಿ ದೊಡ್ಡಕ್ಕನ ಸಹಿ, ಸ್ನಾನ ಮಾಡಿಸಿದವರ ಸಹಿ ಎಂಬಲ್ಲಿಯೂ ಅದೇ ಸಹಿ, ಅದೇ ಬಾಲ ಎಳೆದು. ಮೂವತ್ತೊಂದು ವರ್ಷ ಆ ಹಾಳೆ ಕಂಡರೆ ಕೈ ತಾನಾಗಿಯೇ ಓಡುತ್ತಿತ್ತು, ಇವತ್ತೂ ಓಡಿತ್ತು.

ಪಿಸುಮಾತು ಹಾಳೆಯನ್ನು ಒಮ್ಮೆ, ದೊಡ್ಡಕ್ಕನನ್ನು ಒಮ್ಮೆ ನೋಡಿದಳು. ಆಮೇಲೆ ಹೊಸ ಹಾಳೆಯೊಂದನ್ನು ತಂದಳು.

"ಬಚ್ಚಲಿಗೆ ಬನ್ನಿ ಅಕ್ಕ. ನಾನು ನೋಡ್ಬೇಕು."

ಈಗ ತಾನೇ ಸ್ನಾನ ಮಾಡಿದ್ದೇನೆ, ನನಗೆ ಸ್ನಾನ ಹೇಳಿಕೊಡಲು ಬಂದೆಯಾ, ನಿನಗೆ ಸೋಪಿನ ಅಳತೆ ಕಲಿಸಿದ್ದು ಯಾರು ಎಂದೆಲ್ಲ ದೊಡ್ಡಕ್ಕ ದನಿ ಎತ್ತಿದಳು. ಪಿಸುಮಾತು ಎಲ್ಲವನ್ನೂ ತಲೆ ತಗ್ಗಿಸಿ ಕೇಳಿಸಿಕೊಂಡು, ಕೊನೆಗೆ ಅಷ್ಟೇ ಸಣ್ಣಗೆ ಹೇಳಿದಳು.

"ನೋಡ್ದೆ ಟಿಕ್ ಹಾಕ್ಬಾರ್ದು ಅಂತ ನೀವೇ ಕಲ್ಸಿದ್ದು."

ಮನೇಲಿ ಸ್ನಾನ ಮಾಡಿ ಬಂದಿದ್ದೇನೆ ಎಂದ ಟೀಚರ ಮುಖ ಒಂದು ಕ್ಷಣ ದೊಡ್ಡಕ್ಕನ ಕಣ್ಣ ಮುಂದೆ ಬಂದು ಹೋಯಿತು. ಬಚ್ಚಲಿನ ಕಡೆ ತಿರುಗಿ ಹೊರಟಳು. ನಾಲ್ಕನೆಯ ಮಂಚದಲ್ಲಿ ಹೊಲಿಯುವವಳ ಕುತ್ತಿಗೆ ಒಂದು ಗೇಣು ಉದ್ದವಾಯಿತು.

ಬಚ್ಚಲಿನಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಾಗ ದೊಡ್ಡಕ್ಕನಿಗೆ ಒಂದು ಸಂಗತಿ ಮೊದಲ ಸಲ ಗೊತ್ತಾಯಿತು: ಆ ಸ್ಟೂಲು ತಣ್ಣಗಿತ್ತು. ಸಾವಿರಾರು ಜನರನ್ನು ಅದರ ಮೇಲೆ ಕೂರಿಸಿದ್ದಳು, ಒಮ್ಮೆಯೂ ಅದರ ಮೇಲೆ ಬಿಸಿನೀರು ಸುರಿದಿರಲಿಲ್ಲ. ಅವಳನ್ನು ಎಬ್ಬಿಸಿ ಪಿಸುಮಾತು ಒಂದು ಚೊಂಬು ಬಿಸಿನೀರು ಸ್ಟೂಲಿಗೆ ಸುರಿದಳು. ಇದನ್ನು ಯಾವಾಗ ಕಲಿತಳೋ. ನೋಡದ ಕಡೆಗೆ ಟವೆಲ್ಲು ಹೊದಿಸಿ, ನೋಡುವಷ್ಟೇ ಜಾಗ ತೆರೆದು, ಕಿವಿ, ಕತ್ತು, ಕಂಕುಳು, ಎದೆಯ ಮಡಿಕೆ ನೋಡಿದಳು. ನಾಲ್ಕೂ ಪಾಸು. ದೊಡ್ಡಕ್ಕನ ಗತ್ತು ಅರ್ಧ ವಾಪಸು ಬಂತು. ಏನಿದ್ದರೂ ಬೇಗ ಮುಗಿಸು ಎಂದಳು.

ಐದನೆಯದಕ್ಕೆ ಹತ್ತಿ ಒಳಗೆ ಹೋಯಿತು. ಹೋದದ್ದು ಎಲ್ಲಿಗೋ ತಾಗಿ ನಿಂತಿತು. ಹೊರಗೆ ಬಂದಾಗ ತುದಿ ಕಪ್ಪಗಿತ್ತು.

ಪಿಸುಮಾತು ಹತ್ತಿಯನ್ನು ಅಂಗೈಯೊಳಗೆ ಮುಚ್ಚಿಕೊಂಡಳು. ಆದರೆ ದೊಡ್ಡಕ್ಕನ ಕಣ್ಣು ತಪ್ಪಿಸುವುದು ಸಾಧ್ಯವೇ? ಆ ಬಣ್ಣವನ್ನು ಅವಳು ಊರಿನ ಅರ್ಧ ಹೆಂಗಸರಲ್ಲಿ ನೋಡಿದ್ದಳು. ಪಿಸುಮಾತು ಟಾರ್ಚು ಹಿಡಿದು ಇಣುಕಿ ನೋಡಿ, ಒಳಗೆ ಹುರುಳಿಕಾಳಿನಷ್ಟು ಒಂದು ಕಪ್ಪು ಗಟ್ಟಿ ಕೂತಿದೆ ಎಂದಳು. ವರ್ಷಗಟ್ಟಲೆ ಬೆವರು, ಸೋಪಿನ ಜಿಡ್ಡು, ಬಟ್ಟೆಯ ಎಳೆ ಸೇರಿ ಗಟ್ಟಿಯಾಗಿ ಕಲ್ಲಾಗುವುದುಂಟು. ದೊಡ್ಡಕ್ಕನೂ ಇಂಥವನ್ನು ಎರಡೋ ಮೂರೋ ಕಂಡಿದ್ದಳು, ಕಂಡಾಗ ವಾರವಿಡೀ ಆ ಕತೆ ಹೇಳಿದ್ದಳು. ತನ್ನ ಹೊಟ್ಟೆ ಮುಂದೆ ಬಂದ ಮೇಲೆ ಆ ಬಾವಿ ಅವಳ ಕಣ್ಣಿಗೆ ಬಿದ್ದೇ ಇರಲಿಲ್ಲ. ಸೋಪಿನ ಕೈಯನ್ನು ಮೇಲಿಂದ ಮೇಲೆ ಆಡಿಸಿ ನೀರು ಹಾಕಿಕೊಳ್ಳುತ್ತಿದ್ದಳು. ದೀಪದ ಬುಡ ಕತ್ತಲು ಎಂಬುದು ಸುಳ್ಳಲ್ಲ.

"ನಾಳೆ ಬಾಗ್ಲಲ್ಲಿ ನನ್ನ ವಾಪಸ್ ಕಳಿಸ್ತಾರೆ," ಎಂದಳು. ಅಷ್ಟು ಸಣ್ಣ ದನಿ ತನಗೂ ಇದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಮೂವತ್ತು ವರ್ಷದ ಒಂದೇ ಒಂದು ಹೆಮ್ಮೆಯನ್ನು ತನ್ನ ಕೈಯಾರೆ, ಅಲ್ಲ, ತನ್ನ ಹೊಟ್ಟೆಯಾರೆ ಕಳೆದುಕೊಳ್ಳುತ್ತಿದ್ದೇನೆ ಎನ್ನಿಸಿತು.

ವಾಪಸು ಯಾಕೆ ಕಳಿಸುತ್ತಾರೆ, ಇನ್ನೂ ಹೊತ್ತಿದೆ ಎಂದು ಪಿಸುಮಾತು ಹೊರಟಳು. ವಾರ್ಡಿನ ಡಾಕ್ಟರನ್ನು ಕಂಡು ಕೇಳಿಕೊಂಡು ಬಂದು, ಎರಡು ಹನಿ ಎಣ್ಣೆ ಬಿಟ್ಟು ಮೇಲೆ ಹತ್ತಿ ಮುಚ್ಚಿದಳು. ಅದು ಮೆತ್ತಗಾಗಲು ಒಂದು ಗಂಟೆ ಬೇಕಿತ್ತು. ಆ ಒಂದು ಗಂಟೆ ದೊಡ್ಡಕ್ಕ ಬಚ್ಚಲಿನಿಂದ ಹೊರಗೆ ಬರಲಿಲ್ಲ. ಸ್ಟೂಲಿನ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು, ನಲ್ಲಿಯಿಂದ ತೊಟ್ಟಿಕ್ಕುವ ಹನಿಗಳನ್ನು ಎಣಿಸುತ್ತ.

ಬಚ್ಚಲಿಗೆ ಹೋದವಳು ಒಂದು ಗಂಟೆಯಾದರೂ ಬರಲಿಲ್ಲವೆಂದರೆ ವಾರ್ಡಿಗೆ ಬೇರೆ ಪುರಾವೆ ಬೇಡ. ಪಿಸುಮಾತು ಟವೆಲ್ಲು ತರಲು ಹೊರಗೆ ಬಂದಾಗ ಹೊಲಿಯುವವಳು ಕಾದಿದ್ದವಳಂತೆ ಕೇಳಿದಳು.

"ಏನ್ ಬಂತಮ್ಮ ಹೊಕ್ಕುಳಕ್ಕಂದು? ಹತ್ತಿ ಎತ್ತಿ ತೋರ್ಸು, ನಾವೂ ನೋಡೋಣ."

ಉಳಿದ ಮಂಚಗಳವರೂ ಇತ್ತ ತಿರುಗಿದರು. ಒಳಗೆ ದೊಡ್ಡಕ್ಕ ಸ್ಟೂಲಿನಿಂದ ಎದ್ದಳು. ಪಿಸುಮಾತಿನ ಉತ್ತರ ಕೇಳಿಸಿಕೊಳ್ಳಲು ಬಾಗಿಲಿಗೆ ಕಿವಿ ಹಚ್ಚಬೇಕಾಯಿತು.

"ಅವತ್ತು ನಾನಿದ್ದಿದ್ರೆ ನಿಮ್ ಹತ್ತಿ ಯಾರಿಗೂ ತೋರಿಸ್ತಿರ್ಲಿಲ್ಲ. ಇವ್ರದ್ದೂ ತೋರ್ಸಲ್ಲ."

ಹೊಲಿಯುವವಳು ಗೋಡೆಯ ಕಡೆ ತಿರುಗಿದಳು. ಬಾಗಿಲ ಹಿಂದೆ ದೊಡ್ಡಕ್ಕ ಮತ್ತೆ ಸ್ಟೂಲಿಗೆ ಬಂದು ಕೂತಳು. ಆ ಕೆಂಪು ಹಸಿರು ನೀಲಿ ಎಳೆಗಳು, ಅವನ್ನು ಎತ್ತಿ ಹಿಡಿದಾಗ ಇವಳ ಹಿಂದೆ ಗೌನು ಬಿಗಿಹಿಡಿದು ನಿಂತಿದ್ದವಳ ಮುಖ, ಎಲ್ಲ ನೆನಪಾಯಿತು. ಆಗ ಆ ಮುಖವನ್ನು ನೋಡಿದ್ದಳು, ಕಂಡಿರಲಿಲ್ಲ. ಅವಳಿಗೆ ನಾಚಿಕೆಯಾಯಿತು. ಹೊಕ್ಕುಳಿನ ಕೊಳೆಗೆ ಆದದ್ದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಏಳು ಗಂಟೆಗೆ ವಾರ್ಡಿನ ಡಾಕ್ಟರು ಬಂದು, ಸಣ್ಣ ಚಿಮುಟ ಹಾಕಿ, ಎರಡೇ ನಿಮಿಷದಲ್ಲಿ ಅದನ್ನು ಹೊರತೆಗೆದರು. ಕೆಳಗಿನ ಚರ್ಮ ಚೆನ್ನಾಗಿದೆ, ಗಾಯವೇನೂ ಇಲ್ಲ, ಮತ್ತೊಮ್ಮೆ ಔಷಧದ ಸೋಪು ಹಾಕಿ ತೊಳೆದರೆ ನಾಳೆ ಯೋಚನೆಯಿಲ್ಲ ಎಂದರು. ದೊಡ್ಡಕ್ಕ ಆ ಕಲ್ಲನ್ನು ಎಸೆಯಲು ಬಿಡಲಿಲ್ಲ, ಖಾಲಿ ಔಷಧದ ಸೀಸೆಯೊಂದರಲ್ಲಿ ಹಾಕಿಸಿಕೊಂಡಳು. ಎಣ್ಣೆಯ ಪಸೆ ಒಂದಿಷ್ಟೂ ಉಳಿಯದಂತೆ ಪಿಸುಮಾತು ಮತ್ತೆ ತಲೆಯಿಂದ ಕಾಲಿನವರೆಗೆ ಸೋಪು ಹಚ್ಚಿ, ನೊರೆಯನ್ನು ಸ್ವಲ್ಪ ಹೊತ್ತು ಮೈಮೇಲೆ ಬಿಟ್ಟು, ನೀರು ಹಾಕಿದಳು. ಹೊಸ ಹತ್ತಿ ಹೋಗಿ ಬಂತು. ಬಿಳಿಯಾಗಿಯೇ ಬಂತು. ಉಳಿದ ಎರಡು ಜಾಗಗಳೂ ಪಾಸಾದವು.

ಒಗೆದ ಗೌನು ತೊಟ್ಟು ದೊಡ್ಡಕ್ಕ ವಾರ್ಡಿನ ನಡುವೆ ನಡೆದು ಬಂದಳು. ಸುಮ್ಮನೆ ಹೋಗಿ ಮಲಗಿದ್ದರೆ ಯಾರೂ ಕೇಳುತ್ತಿರಲಿಲ್ಲ, ಪಿಸುಮಾತು ಅದರ ವ್ಯವಸ್ಥೆ ಮಾಡಿಟ್ಟಿದ್ದಳು. ಆದರೆ ಇವಳ ಜಾಯಮಾನ ಅದಲ್ಲ. ನಾಲ್ಕನೆಯ ಮಂಚದ ಮುಂದೆ ನಿಂತು ಸೀಸೆಯನ್ನು ಮೇಲೆತ್ತಿದಳು, ಹಿಂದೆ ಹತ್ತಿ ಎತ್ತುತ್ತಿದ್ದಷ್ಟೇ ಎತ್ತರಕ್ಕೆ.

"ಹತ್ತಿ ಅಲ್ಲಮ್ಮ, ಕಲ್ಲು. ಒಳಗೊಂದು ಕಲ್ಲು ಇದೆ ಅಂತ ಬಂದೆ, ಹೊರಗೇ ಒಂದು ಸಿಕ್ತು. ನಿಂದು ಕರ್ಚೀಫಿಗಾದ್ರೂ ಆಗ್ತಿತ್ತು. ಅವತ್ತು ನಾನು ಹಾಗೆ ಮಾಡ್ಬಾರ್ದಿತ್ತು, ತಪ್ಪಾಯ್ತು."

ಆ ದನಿ ಎದುರಿನ ಔಷಧ ಅಂಗಡಿಯವರೆಗೆ ಹೋಗಿರಬೇಕು. ಹೊಲಿಯುವವಳು ಗಂಭೀರವಾಗಿರಲು ತುಂಬ ಪ್ರಯತ್ನಪಟ್ಟಳು. ಆಗಲಿಲ್ಲ. ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ನಗದಿದ್ದರೆ ಉಸಿರು ಕಟ್ಟುತ್ತಿತ್ತು. ದಿಂಬನ್ನು ಹೊಟ್ಟೆಗೆ ಅವುಚಿಕೊಂಡು, ಅಯ್ಯೋ ನೋವು ಎನ್ನುತ್ತ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಸೀಸೆಯನ್ನು ಕೈಗೆ ತೆಗೆದುಕೊಂಡು, ಗುಂಡಿಯಾಗಿ ಹೊಲಿಯಬಹುದು ನೋಡು ಎಂದಳು. ಅಲ್ಲಿಗೆ ಇಬ್ಬರ ನಡುವಿನ ಬಾಬತ್ತು ಮುಗಿಯಿತು.

ಬೆಳಿಗ್ಗೆ ಆರಕ್ಕೆ ಮತ್ತೆ ಸ್ನಾನ, ಮತ್ತೆ ಹತ್ತಿ, ಮತ್ತೆ ಬಿಳಿ. ಪಿಸುಮಾತು ಒಂದೊಂದು ಜಾಗ ನೋಡಿ ಒಂದೊಂದೇ ಟಿಕ್ ಹಾಕಿ ಸಹಿ ಮಾಡಿದಳು. ಟ್ರಾಲಿ ಥಿಯೇಟರಿನ ಬಾಗಿಲಿಗೆ ಬಂತು. ಅಲ್ಲಿ ನಿಲ್ಲುವ ಥಿಯೇಟರ್ ಸಿಸ್ಟರು ಎಂಥೆಂಥವರನ್ನೋ ವಾಪಸು ಕಳಿಸಿದ ಗಟ್ಟಿಗಿತ್ತಿ. ಟ್ರಾಲಿಯ ಮೇಲಿನ ಮುಖ ನೋಡಿ ಅಪರೂಪಕ್ಕೆ ನಕ್ಕು, ನಿಮ್ಮದೇನು ನೋಡುವುದು ದೊಡ್ಡಕ್ಕ, ನಡೆಯಿರಿ ಎಂದು ಪೆನ್ನು ತೆಗೆದರು.

ದೊಡ್ಡಕ್ಕ ಆ ಪೆನ್ನಿಗೆ ತನ್ನ ಕೈ ಅಡ್ಡ ಹಿಡಿದಳು.

"ನೋಡ್ದೆ ಟಿಕ್ ಹಾಕ್ಬೇಡಿ ಸಿಸ್ಟರ್. ನಿನ್ನೆ ನಾನೇ ಹಾಕಿ ಕೆಟ್ಟೆ."

ಸಿಸ್ಟರು ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. ಆಮೇಲೆ ಲೈಟು ಹತ್ತಿರ ಎಳೆದು, ಹೊದಿಕೆ ಸರಿಸಿ, ಎಲ್ಲರನ್ನೂ ನೋಡುವಂತೆಯೇ ನೋಡಿದರು. ಆಮೇಲೆ ಬಾಗಿಲು ತೆರೆಯಿತು. ಅವಳ ವಾರ್ಡಿನಿಂದ ಯಾರೂ ವಾಪಸು ಬಂದಿಲ್ಲವೆಂಬ ಮಾತು ಉಳಿಯಿತು. ಅದನ್ನು ಉಳಿಸಿದ್ದು ಯಾರೆಂದು ಅವಳಿಗೆ ಗೊತ್ತಿತ್ತು. ಮಂಪರಿನ ಸೂಜಿ ಏರುವವರೆಗೂ ಅವಳು ಪಿಸುಮಾತಿನ ಬಗ್ಗೆಯೇ ಡಾಕ್ಟರಿಗೆ ಹೇಳುತ್ತಿದ್ದಳಂತೆ, ಅವರು ಸಾಕು ಎಂದರೂ ಬಿಡದೆ.

ಗಾಯ ಎಂಟು ದಿನಕ್ಕೆ ಒಣಗಿತು, ಒಂದು ಹನಿ ಕೀವಿಲ್ಲ. ಮನೆಗೆ ಹೋದ ದಿನ ಅವಳು ಗಂಡನನ್ನು ಕರೆದು, ಬಾ, ನನ್ನ ಕಿವಿ ಹಿಂದೆ ನೋಡು ಎಂದಳು. ಅವನು ಕನ್ನಡಕ ಹುಡುಕಿ ಹಾಕಿಕೊಂಡು ಬಹಳ ಶ್ರದ್ಧೆಯಿಂದ ನೋಡಿ, ಪಾಸು ಎಂದ. ಆ ಒಂದು ಪದ ಹೇಳಲು ಅವನು ಮದುವೆಯಾದಾಗಿನಿಂದ ಕಾದಿದ್ದನೇನೋ, ದಿನವಿಡೀ ಹೇಳುತ್ತಿದ್ದ.

ಒಂದೂವರೆ ತಿಂಗಳ ನಂತರ ದೊಡ್ಡಕ್ಕ ಕೆಲಸಕ್ಕೆ ಮರಳಿದಳು. ಮೊದಲ ದಿನ ಅವಳ ಪಾಲಿಗೆ ಬಂದವರು ಒಬ್ಬ ಅಜ್ಜಿ, ಸೊಂಟದ ಮೂಳೆಯ ಆಪರೇಷನ್ನು. ದೊಡ್ಡಕ್ಕ ಮೊದಲು ಬಚ್ಚಲಿನ ಗಾಲಿ ಕುರ್ಚಿಗೆ ಬಿಸಿನೀರು ಸುರಿದಳು. ಸ್ನಾನವಾಯಿತು, ನಾಲ್ಕು ಜಾಗ ನೋಡಿದ್ದಾಯಿತು. ಐದನೆಯದರ ಹೊತ್ತಿಗೆ ಹತ್ತಿ ಕಪ್ಪಗೆ ಬಂತು. ಅಜ್ಜಿಗೆ ಅದು ಕಂಡುಬಿಟ್ಟಿತು. ಅವರು ಟವೆಲ್ಲನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ಮುದುರಿ ಕೂತರು. ಇನ್ನು ಮುಟ್ಟಬೇಡ, ಆಪರೇಷನ್ನೂ ಬೇಡ, ಮಗಳನ್ನು ಕರೆ, ಮನೆಗೆ ಹೋಗುತ್ತೇನೆ ಎಂದರು.

ದೊಡ್ಡಕ್ಕ ಹತ್ತಿಯನ್ನು ಅಂಗೈಯಲ್ಲಿ ಮುಚ್ಚಿದಳು. ಪಿಸುಗುಟ್ಟಲು ಬಾಯಿ ತೆರೆದಳು. ಅವಳು ಪಿಸುಗುಟ್ಟಿದ್ದು ಹೊರಗೆ ಮೂರು ಮಂಚಗಳವರೆಗೆ ಕೇಳಿಸಿತು, ಅದು ಅವಳ ಕೈಲಾಗದ ಮಾತು. ಹೊರಗೆ ಯಾರೋ ಕಿಸಕ್ಕೆಂದು ನಕ್ಕರು. ಅಜ್ಜಿ ಇನ್ನಷ್ಟು ಮುದುರಿದರು. ಆಗ ದೊಡ್ಡಕ್ಕ ಮಾತು ನಿಲ್ಲಿಸಿ, ಕೈ ಒರೆಸಿಕೊಂಡು, ಏಪ್ರನ್ನಿನ ಜೇಬಿನಿಂದ ಸೀಸೆ ತೆಗೆದು ಅಜ್ಜಿಯ ಮಡಿಲಲ್ಲಿಟ್ಟಳು.

"ಏನಿದು?" ಎಂದರು ಅಜ್ಜಿ.

"ನಂದು," ಎಂದಳು ದೊಡ್ಡಕ್ಕ. "ಅದೇ ಜಾಗದ್ದು."

ಅಜ್ಜಿ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. ಒಮ್ಮೆ ದೊಡ್ಡಕ್ಕನ ಹೊಟ್ಟೆಯ ಕಡೆಗೂ ನೋಡಿದರು. ಆಮೇಲೆ ಸೀಸೆಯನ್ನು ವಾಪಸು ಕೊಟ್ಟು, ಟವೆಲ್ಲು ಸಡಿಲಿಸಿ, ನೀರು ಸ್ವಲ್ಪ ಬಿಸಿ ಇರಲಿ ಎಂದರು.